ಕಾಲೇಜಿನ ಹೊಸಿಲು ಎಷ್ಟು ಎತ್ತರ ಇರಬೇಕು?

ಕಾಲೇಜಿನ ಗುಣಮಟ್ಟ ಬಿದ್ದುಹೋಗಿದೆ ಅಂತ ಯಾರಾದರೂ ಕೂಗು ಹಾಕಿದ ಕೂಡಲೇ ಎಲ್ಲರಿಗೂ ಹೊಳೆಯುವ ಪರಿಹಾರ ಒಂದೇ: ಸೇರಿಸಿಕೊಳ್ಳುವಾಗಲೇ ಬಿಗಿ ಮಾಡಿ, ಕಟ್-ಆಫ್ ಏರಿಸಿ. ಕೇಳೋದಕ್ಕೆ ಇದು ಎಷ್ಟು ಸರಿ ಅನ್ನಿಸುತ್ತೆ ಅಂದ್ರೆ, ಇದಕ್ಕೊಂದು ಪುರಾವೆ ಬೇಕು ಅಂತ ಯಾರಿಗೂ ತೋಚೋದೇ ಇಲ್ಲ.

ಆದರೆ ಒಂದು ಸರ್ಕಾರಿ ವಿಶ್ವವಿದ್ಯಾಲಯ ಈ ಪ್ರಯೋಗವನ್ನು ಎರಡೂ ದಿಕ್ಕಿನಲ್ಲಿ ಮಾಡಿ ನೋಡಿದೆ. ಒಮ್ಮೆ ಹೊಸಿಲನ್ನೇ ಕಿತ್ತುಹಾಕಿತು. ಸುಮಾರು ಮೂವತ್ತು ವರ್ಷ ಆದಮೇಲೆ ಅದನ್ನು ಮತ್ತೆ ಕಟ್ಟಿತು. ಅದು ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿ, ಅಲ್ಲಿನವರ ಬಾಯಲ್ಲಿ 'ಕ್ಯೂನಿ'. ಅದರ ಕಥೆ ಸ್ವಲ್ಪ ಉದ್ದ, ಪುರುಸೊತ್ತು ಮಾಡಿಕೊಂಡು ಓದಿ :)

ಕಥೆ ಶುರುವಾಗೋದು 1847ರಲ್ಲಿ. ಟೌನ್ಸೆಂಡ್ ಹ್ಯಾರಿಸ್ ಅನ್ನುವ ವ್ಯಾಪಾರಿಯೊಬ್ಬ ನ್ಯೂಯಾರ್ಕಿನ ಶಿಕ್ಷಣ ಮಂಡಳಿಯ ಅಧ್ಯಕ್ಷನಾಗಿದ್ದ (ಮುಂದೆ ಜಪಾನಿಗೆ ಅಮೆರಿಕದ ಮೊದಲ ಕಾನ್ಸುಲ್ ಜನರಲ್ ಆಗಿ ಹೋದವನೂ ಇವನೇ). ನಗರದ ಶಾಲೆಗಳಲ್ಲಿ ಓದಿದ ಹುಡುಗರಿಗೆ, ಅವರಪ್ಪ ಶ್ರೀಮಂತನೋ ಕೂಲಿಯೋ ಅಂತ ನೋಡದೆ, ಬಿಟ್ಟಿ ಕಾಲೇಜು ಬೇಕು ಅಂತ ಹೊರಟ. ಜನಾಭಿಪ್ರಾಯಕ್ಕೆ ಹಾಕಿದರು, ಭಾರಿ ಬಹುಮತದಿಂದ ಪಾಸಾಯ್ತು. 1849ರ ಜನವರಿಯಲ್ಲಿ ಫ್ರೀ ಅಕಾಡೆಮಿ ಬಾಗಿಲು ತೆರೆಯಿತು. ಅದರ ಮೊದಲ ಮುಖ್ಯಸ್ಥ ಹೊರೇಸ್ ವೆಬ್‌ಸ್ಟರ್ ಆವತ್ತಿನ ಭಾಷಣದಲ್ಲಿ ಇದನ್ನು ಒಂದು 'ಪ್ರಯೋಗ' ಅಂತಲೇ ಕರೆದ. ಇಡೀ ಜನತೆಯ ಮಕ್ಕಳಿಗೆ ಉನ್ನತ ಶಿಕ್ಷಣ ಕೊಡೋಕೆ ಆಗುತ್ತಾ ಅನ್ನೋ ಪ್ರಯೋಗ.

ಗಮನಿಸಿ, ಬಿಟ್ಟಿ ಅಂದರೆ ಎಲ್ಲರಿಗೂ ಅಂತ ಅಲ್ಲ. ಮೊದಲ ದಿನದಿಂದಲೂ ಅಲ್ಲಿ ಪ್ರವೇಶ ಪರೀಕ್ಷೆ ಇತ್ತು. ಹೆಣ್ಣುಮಕ್ಕಳಿಗೆ ಜಾಗ ಇರಲಿಲ್ಲ. ಅವರಿಗೆ ಬೇರೆಯದೇ ಸಂಸ್ಥೆ ಬಂದದ್ದು 1870ರಲ್ಲಿ, ಅದೇ ಇಂದಿನ ಹಂಟರ್ ಕಾಲೇಜು. ಫ್ರೀ ಅಕಾಡೆಮಿ ಸಿಟಿ ಕಾಲೇಜ್ ಅಂತ ಹೆಸರು ಬದಲಿಸಿಕೊಂಡು 1907ರಲ್ಲಿ ಹಾರ್ಲೆಮ್ ಬಡಾವಣೆಯ ಗುಡ್ಡದ ಮೇಲೆ ಹೊಸ ಕಟ್ಟಡಗಳಿಗೆ ಹೋಯ್ತು. 1930ರಲ್ಲಿ ಬ್ರೂಕ್ಲಿನ್ ಕಾಲೇಜು, 1937ರಲ್ಲಿ ಕ್ವೀನ್ಸ್ ಕಾಲೇಜು ಹುಟ್ಟಿದವು. 1961ರಲ್ಲಿ ಎಲ್ಲವನ್ನೂ ಸೇರಿಸಿ ಕ್ಯೂನಿ ಅಂತ ಮಾಡಿದರು.

ಇಪ್ಪತ್ತನೇ ಶತಮಾನದ ಮೊದಲರ್ಧ ಸಿಟಿ ಕಾಲೇಜಿನ ಸುವರ್ಣ ಯುಗ ಅಂತ ಹೇಳೋದು ವಾಡಿಕೆ. ಪೂರ್ವ ಯುರೋಪಿನಿಂದ ಓಡಿಬಂದ ಯಹೂದಿ ಕುಟುಂಬಗಳ ಮಕ್ಕಳಿಗೆ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳು ಒಳಗೊಳಗೇ ಮಿತಿ ಹಾಕಿದ್ದ ಕಾಲ ಅದು. ದರ್ಜಿಗಳ, ತಳ್ಳುಗಾಡಿಯವರ ಮಕ್ಕಳೆಲ್ಲ ಇಲ್ಲಿಗೆ ಬಂದರು. 'ಬಡವರ ಹಾರ್ವರ್ಡ್' ಅನ್ನೋ ಅಡ್ಡಹೆಸರು ಬಂತು. ಪೋಲಿಯೋ ಲಸಿಕೆಯ ಜೋನಾಸ್ ಸಾಲ್ಕ್ 1934ರಲ್ಲಿ ಇಲ್ಲಿಂದ ಪದವಿ ಪಡೆದ. ಇಲ್ಲಿ ಓದಿದ ಹತ್ತು ಮಂದಿಗೆ ಮುಂದೆ ನೊಬೆಲ್ ಬಂತು. ನಮ್ಮ ಸಾಫ್ಟ್‌ವೇರ್ ಮಂದಿಗೆ ಹತ್ತಿರದ ಎರಡು ಹೆಸರು ಬೇಕಾದರೆ: ಈ ಬರಹ ನಿಮ್ಮ ಕಂಪ್ಯೂಟರಿಗೆ ಬಂದು ಮುಟ್ಟೋಕೆ ಕಾರಣವಾದ ಟಿಸಿಪಿ/ಐಪಿಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ರಾಬರ್ಟ್ ಕಾನ್, ಮತ್ತೆ ಹಂಗೇರಿಯಿಂದ ನಿರಾಶ್ರಿತರಾಗಿ ಬಂದು ಇಂಟೆಲ್ ಕಂಪನಿಯನ್ನು ಬೆಳೆಸಿದ ಆಂಡ್ರ್ಯೂ ಗ್ರೋವ್. ಇಬ್ಬರೂ 1960ರಲ್ಲಿ ಸಿಟಿ ಕಾಲೇಜಿನಿಂದ ಇಂಜಿನಿಯರಿಂಗ್ ಮುಗಿಸಿದವರು.

ಈ ಪಟ್ಟಿಯನ್ನು ಓದಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬರ್ತಾರೆ. ಕಟ್-ಆಫ್ ಎತ್ತರ ಇತ್ತು, ಅದಕ್ಕೇ ಕಾಲೇಜು ದೊಡ್ಡದಾಯ್ತು ಅಂತ. ಆದರೆ ಕಾಲಿನ್ ಪವೆಲ್ ಅವರದ್ದೂ ಇದೇ ಕಾಲೇಜು. ಜಮೈಕಾದಿಂದ ಬಂದ ದಂಪತಿಯ ಮಗ, ಹೈಸ್ಕೂಲಿನಲ್ಲಿ ಸಾಧಾರಣ ಅಂಕ ತೆಗೆದವರು. 1954ರಲ್ಲಿ ಅವರಿಗೆ ಖಾಸಗಿಯ ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲೂ ಸೀಟು ಸಿಕ್ಕಿತ್ತು, ಅಲ್ಲಿ ವರ್ಷಕ್ಕೆ 750 ಡಾಲರ್. ಸಿಟಿ ಕಾಲೇಜಿನಲ್ಲಿ 10 ಡಾಲರ್. ಲೆಕ್ಕ ಸುಲಭವಾಯ್ತು! ಅಲ್ಲೂ ಅವರ ಅಂಕ ಸಾಧಾರಣವೇ. ಮುಂದೆ ಅವರು ಅಮೆರಿಕದ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷರಾದರು, ವಿದೇಶಾಂಗ ಸಚಿವರೂ ಆದರು. ಈಗ ಆ ಕಾಲೇಜಿನ ಒಂದು ವಿಭಾಗಕ್ಕೆ ಅವರದೇ ಹೆಸರು.

ಕಟ್-ಆಫ್ ಅನ್ನೋದು ಯಾವ ಕಾಲದಲ್ಲೂ ಕಲ್ಲಿನ ಮೇಲೆ ಕೆತ್ತಿದ ಗೆರೆ ಆಗಿರಲಿಲ್ಲ. ಅರ್ಜಿ ಹೆಚ್ಚಾಗಿ ಸೀಟು ಕಡಿಮೆ ಇದ್ದಾಗ ಮೇಲೇರೋದು, ಸೀಟು ಹೆಚ್ಚಾದಾಗ ಕೆಳಗಿಳಿಯೋದು. 1960ರ ದಶಕದಲ್ಲಿ ಯುದ್ಧಾನಂತರ ಹುಟ್ಟಿದ ಮಕ್ಕಳೆಲ್ಲ ಕಾಲೇಜು ವಯಸ್ಸಿಗೆ ಬಂದಾಗ ಅದು ಹೈಸ್ಕೂಲ್ ಸರಾಸರಿ 85ರ ಆಸುಪಾಸಿಗೆ ಹೋಗಿ ನಿಂತಿತು. 85 ಇದ್ದವನು ಓದಬಲ್ಲ, 82 ಇದ್ದವನು ಓದಲಾರ ಅಂತ ಯಾರೂ ಪರೀಕ್ಷಿಸಿ ಹೇಳಿದ್ದಲ್ಲ. ಸರ್ವರಿನ ಕೆಪ್ಯಾಸಿಟಿ ಅಷ್ಟೇ ಇತ್ತು, ಉಳಿದ ರಿಕ್ವೆಸ್ಟುಗಳನ್ನು ತಿರಸ್ಕರಿಸಿದರು.

ಅಷ್ಟರಲ್ಲಿ ಊರೇ ಬದಲಾಗಿತ್ತು. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನರು, ಪೋರ್ಟೊರಿಕೊ ದ್ವೀಪದಿಂದ ಸ್ಪ್ಯಾನಿಷ್ ಮಾತಾಡುವವರು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದ್ದರು. ಅವರ ಮಕ್ಕಳು ಹೋಗ್ತಿದ್ದ ಶಾಲೆಗಳಲ್ಲಿ 'ಅಕಾಡೆಮಿಕ್' ಡಿಪ್ಲೊಮಾ ಬೇರೆ, 'ಜನರಲ್' ಡಿಪ್ಲೊಮಾ ಬೇರೆ. ಎರಡನೆಯದಕ್ಕೆ ಒಮ್ಮೆ ತಳ್ಳಿದರೆ ಕಾಲೇಜಿಗೆ ಬೇಕಾದ ಗಣಿತ, ವಿಜ್ಞಾನದ ಪಾಠವೇ ಸರಿಯಾಗಿ ಸಿಗ್ತಿರಲಿಲ್ಲ. ಹೀಗಾಗಿ ಹಾರ್ಲೆಮ್‌ನ ನಟ್ಟನಡುವೆ, ಸುತ್ತ ಕಪ್ಪು ಜನರೇ ವಾಸಿಸುವ ಗುಡ್ಡದ ಮೇಲೆ, ಬಹುಪಾಲು ಬಿಳಿಯ ವಿದ್ಯಾರ್ಥಿಗಳೇ ಇದ್ದ ಸಾರ್ವಜನಿಕ ಕಾಲೇಜು ನಿಂತಿತ್ತು. 1966ರಲ್ಲಿ ರಾಜ್ಯ ಶಾಸನಸಭೆ 'ಸೀಕ್' ಅನ್ನೋ ಯೋಜನೆ ತಂದು, ಅಂಕ ಕಡಿಮೆ ಇದ್ದ ಬಡ ವಿದ್ಯಾರ್ಥಿಗಳನ್ನು ವಿಶೇಷ ಪಾಠ ಕೊಟ್ಟು ಸೇರಿಸಿಕೊಳ್ಳೋಕೆ ಹಣ ಕೊಟ್ಟಿತು. ಆದರೆ ಅದು ಸಮುದ್ರಕ್ಕೆ ಒಂದು ಬಿಂದಿಗೆ.

1969ರ ಏಪ್ರಿಲ್ 22ರಂದು ಕಪ್ಪು ಮತ್ತು ಪೋರ್ಟೊರಿಕನ್ ವಿದ್ಯಾರ್ಥಿಗಳು ಸಿಟಿ ಕಾಲೇಜಿನ ದಕ್ಷಿಣ ಕ್ಯಾಂಪಸ್ಸಿನ ಗೇಟಿಗೆ ಸರಪಳಿ ಹಾಕಿ ಒಳಗೆ ಕೂತರು. ಅವರದು ಐದು ಬೇಡಿಕೆ. ನಗರದ ಹೈಸ್ಕೂಲುಗಳಲ್ಲಿ ಯಾವ ಜನ ಎಷ್ಟು ಪ್ರಮಾಣದಲ್ಲಿದ್ದಾರೋ ಕಾಲೇಜಿನ ಮೊದಲ ವರ್ಷದಲ್ಲೂ ಅಷ್ಟೇ ಇರಬೇಕು ಅನ್ನೋದು ಅದರಲ್ಲೊಂದು. ಕಾಲೇಜು ಎರಡು ವಾರ ಮುಚ್ಚಿತ್ತು. ಮೇಯರ್ ಚುನಾವಣೆಯ ವರ್ಷ ಬೇರೆ, ಅಭ್ಯರ್ಥಿಗಳು ಕಾಲೇಜು ತೆರೆಸೋಕೆ ಕೋರ್ಟಿಗೆ ಹೋದರು. ತೆರೆದ ಮೇಲೆ ವಿದ್ಯಾರ್ಥಿಗಳ ನಡುವೆ ಹೊಡೆದಾಟ, ಬೆಂಕಿ. ಅಧ್ಯಕ್ಷ ಬ್ಯುಯೆಲ್ ಗ್ಯಾಲಹರ್ ರಾಜೀನಾಮೆ ಕೊಟ್ಟು ಹೊರಟುಹೋದರು.

ಅರ್ಧ ಸೀಟು ಅಂಕದ ಮೇಲೆ, ಇನ್ನರ್ಧ ಬಡ ಬಡಾವಣೆಗಳ ಶಾಲೆಗಳಿಗೆ ಅಂತ ಒಂದು ರಾಜಿಸೂತ್ರ ಬಂತು. ಎಲ್ಲ ಕಡೆಯಿಂದಲೂ ವಿರೋಧ. ನಮಗೆ ಚೆನ್ನಾಗಿ ಪರಿಚಯ ಇರೋ ಜಗಳವೇ ಅಲ್ವಾ? ಇರೋ ಸೀಟಿನಲ್ಲಿ ನಿನಗೆ ಕೊಟ್ಟರೆ ನನಗೆ ಹೋಯ್ತು ಅನ್ನೋ ಲೆಕ್ಕ. ಆದರೆ ನ್ಯೂಯಾರ್ಕಿನವರು ಆಮೇಲೆ ಹಿಡಿದ ದಾರಿ ಬೇರೆ. ಯಾರಿಗೆ ಸೀಟು ಅಂತ ಜಗಳ ಆಡೋ ಬದಲು ಎಲ್ಲರಿಗೂ ಸೀಟು ಅಂದುಬಿಟ್ಟರು! 1969ರ ಜುಲೈನಲ್ಲಿ ಉನ್ನತ ಶಿಕ್ಷಣ ಮಂಡಳಿ ನಿರ್ಧಾರ ಮಾಡಿತು. 1975ಕ್ಕೆ ಅಂತ ಇಟ್ಟುಕೊಂಡಿದ್ದ ಯೋಜನೆಯನ್ನು ಐದು ವರ್ಷ ಮುಂಚೆಯೇ, 1970ರಲ್ಲೇ ಜಾರಿಗೆ ತರೋದು ಅಂತ. ಅದರ ಪ್ರಕಾರ ನಗರದಲ್ಲಿ ಹೈಸ್ಕೂಲ್ ಪಾಸಾದ ಪ್ರತಿಯೊಬ್ಬರಿಗೂ ಕ್ಯೂನಿಯ ಯಾವುದಾದರೂ ಕಾಲೇಜಿನಲ್ಲಿ ಜಾಗ. ಸರಾಸರಿ 80 ಇದ್ದವರಿಗೆ, ಇಲ್ಲವೇ ತಮ್ಮ ಶಾಲೆಯ ಮೇಲಿನ ಅರ್ಧದಲ್ಲಿ ಇದ್ದವರಿಗೆ ನಾಲ್ಕು ವರ್ಷದ ಸೀನಿಯರ್ ಕಾಲೇಜು. ಉಳಿದವರಿಗೆ ಎರಡು ವರ್ಷದ ಕಮ್ಯುನಿಟಿ ಕಾಲೇಜು. ಫೀಸು ಯಾರಿಗೂ ಇಲ್ಲ.

ಈ 'ಶಾಲೆಯ ಮೇಲಿನ ಅರ್ಧ' ಅನ್ನೋದರಲ್ಲೇ ಇರೋದು ವಿಷಯ. ಕೆಟ್ಟ ಶಾಲೆಯಲ್ಲಿ ಓದಿ 74 ತೆಗೆದವಳು ಆ ಶಾಲೆಯ ಮುಂದಿನ ಸಾಲಿನಲ್ಲಿದ್ದರೆ ಅವಳಿಗೂ ಬಾಗಿಲು ತೆರೀತು. ಇನ್ನೊಂದು ಸಂಗತಿಯನ್ನು ತುಂಬಾ ಜನ ಗಮನಿಸೋದಿಲ್ಲ. ನಗರದ ಕಾರ್ಮಿಕ ಸಂಘಟನೆಗಳು ಈ ಯೋಜನೆಗೆ ಬೆಂಬಲವಾಗಿ ನಿಂತವು. ಯಾಕಂದ್ರೆ 80-85ರ ಗೆರೆ ದಾಟಲಾಗದೆ ಹೊರಗುಳಿದವರಲ್ಲಿ ಇಟಾಲಿಯನ್, ಐರಿಷ್ ಕಾರ್ಮಿಕರ ಮಕ್ಕಳೂ ದಂಡಿಯಾಗಿದ್ದರು. ಮೊದಲ ವರ್ಷಗಳಲ್ಲಿ ಈ ತೆರೆದ ಬಾಗಿಲಿನಿಂದ ಒಳಗೆ ಬಂದವರಲ್ಲಿ ಸಂಖ್ಯೆಯಲ್ಲಿ ಹೆಚ್ಚಿದ್ದವರು ಬಿಳಿಯರೇ.

1969ರಲ್ಲಿ ಮೊದಲ ವರ್ಷಕ್ಕೆ ಸೇರಿದವರು ಸುಮಾರು 20,000. 1970ರಲ್ಲಿ ಸುಮಾರು 35,000. ತಯಾರಿಗೆ ಸಿಕ್ಕಿದ್ದು ಒಂದೇ ವರ್ಷ. ಬಾಡಿಗೆ ಕಟ್ಟಡಗಳಲ್ಲಿ, ತಾತ್ಕಾಲಿಕ ಶೆಡ್ಡುಗಳಲ್ಲಿ ಪಾಠ. ಬಂದವರಲ್ಲಿ ಅನೇಕರಿಗೆ ಒಂದು ಪ್ಯಾರಾ ನೆಟ್ಟಗೆ ಬರೆಯೋಕೆ ಬರ್ತಿರಲಿಲ್ಲ, ಭಿನ್ನರಾಶಿ ಕೂಡಿಸೋಕೆ ಬರ್ತಿರಲಿಲ್ಲ. ಮಿಲ್ಟನ್, ಶೇಕ್ಸ್‌ಪಿಯರ್ ಪಾಠ ಮಾಡೋಕೆ ಅಂತ ಬಂದಿದ್ದ ಮೇಷ್ಟ್ರುಗಳು ಕಂಗಾಲು. ಕಾಲೇಜು ಸತ್ತೇಹೋಯ್ತು ಅಂತ ಲೇಖನಗಳು, ಪುಸ್ತಕಗಳು ಬಂದವು. ಅವರ ನೋವು ಸುಳ್ಳಲ್ಲ. ನೂರಿಪ್ಪತ್ತು ವರ್ಷ ಕಟ್ಟಿದ ಹೆಸರು ಕಣ್ಣೆದುರು ಕರಗೋದನ್ನು ನೋಡೋದು ಯಾವ ಮೇಷ್ಟ್ರಿಗೂ ಸುಲಭವಲ್ಲ.

ಆದರೆ ಅದೇ ಕಾಲೇಜಿನಲ್ಲಿ ಮೀನಾ ಶಾನೆಸಿ ಅಂತ ಒಬ್ಬರು ಮೇಡಂ ಇದ್ದರು. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದವರು ಇವರೇ. 1967ರಲ್ಲಿ ಸೀಕ್ ಯೋಜನೆಯಲ್ಲಿ ಪಾಠ ಮಾಡೋಕೆ ಬಂದವರು. ಹೊಸ ವಿದ್ಯಾರ್ಥಿಗಳು ಪ್ರವೇಶದ ಸಮಯದಲ್ಲಿ ಬರೆದ ಸುಮಾರು 4,000 ಪ್ರಬಂಧಗಳನ್ನು ಮುಂದಿಟ್ಟುಕೊಂಡು ತಪ್ಪುಗಳನ್ನು ವಿಂಗಡಿಸುತ್ತಾ ಕೂತರು. ಕೆಂಪು ಶಾಯಿಯಲ್ಲಿ ಸುತ್ತು ಹಾಕೋದಕ್ಕಲ್ಲ, ಈ ತಪ್ಪು ಯಾಕೆ ಆಯ್ತು ಅಂತ ಪತ್ತೆ ಮಾಡೋದಕ್ಕೆ. ಅವರು ಕಂಡುಕೊಂಡದ್ದು ಇಷ್ಟು: ಈ ಮಕ್ಕಳ ತಪ್ಪುಗಳು ಅಡ್ಡಾದಿಡ್ಡಿ ಅಲ್ಲ. ಅದರ ಹಿಂದೆ ಒಂದು ತರ್ಕ ಇದೆ. ಮನೆಯಲ್ಲಿ ಆಡೋ ಭಾಷೆಯ ನಿಯಮ, ಅರ್ಧ ಕಲಿತ ವ್ಯಾಕರಣದ ನಿಯಮ, ಎರಡೂ ಬೆರೆತು ಹುಟ್ಟಿದ ತಪ್ಪುಗಳವು. ಇವರು ದಡ್ಡರಲ್ಲ, ಬರವಣಿಗೆಗೆ ಹೊಸಬರು. 1977ರಲ್ಲಿ ಅವರ ಪುಸ್ತಕ ಬಂತು, ಹೆಸರು 'ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್'. ಮರುವರ್ಷವೇ ಅವರು ತೀರಿಕೊಂಡರು. ಡಿಬಗ್ ಮಾಡಿ ಅಭ್ಯಾಸ ಇರೋವರಿಗೆ ಈ ಕೆಲಸದ ಬೆಲೆ ಬೇಗ ಗೊತ್ತಾಗುತ್ತೆ. ಕೋಡ್ ಸರಿ ಇಲ್ಲ ಅಂತ ಎಸೆಯೋದು ಎಲ್ಲರಿಗೂ ಬರುತ್ತೆ. ಎಲ್ಲಿ, ಯಾಕೆ ಸರಿ ಇಲ್ಲ ಅಂತ ಲಾಗ್ ಓದಿ ಹುಡುಕೋದಕ್ಕೆ ತಾಳ್ಮೆ ಬೇಕು, ಸಮಯ ಬೇಕು, ದುಡ್ಡೂ ಬೇಕು.

ಆ ದುಡ್ಡೇ ಮುಗಿದುಹೋಯ್ತು. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂತು. ಸಾವಿರಾರು ಅಧ್ಯಾಪಕರ ಕೆಲಸ ಹೋಯ್ತು, ಹೊಸದಾಗಿ ಸೇರಿದವರು ಮೊದಲು. 1976ರ ಬೇಸಿಗೆಯಲ್ಲಿ ಸಂಬಳ ಕೊಡೋಕೆ ಕಾಸಿಲ್ಲದೆ ಇಡೀ ವಿಶ್ವವಿದ್ಯಾಲಯ ಎರಡು ವಾರ ಬಾಗಿಲು ಹಾಕಿತು. ಅದೇ ವರ್ಷ ಫೀಸು ಬಂತು. 1847ರಿಂದ 129 ವರ್ಷ, ಎರಡು ಮಹಾಯುದ್ಧ, ಮೂವತ್ತರ ದಶಕದ ಆರ್ಥಿಕ ಕುಸಿತ, ಎಲ್ಲದರಲ್ಲೂ ಬಿಟ್ಟಿಯಾಗಿದ್ದ ಓದಿಗೆ ಬೆಲೆಚೀಟಿ ಅಂಟಿಕೊಂಡದ್ದು ಆವಾಗ. ಹತ್ತಾರು ಸಾವಿರ ವಿದ್ಯಾರ್ಥಿಗಳು ಬಿಟ್ಟುಹೋದರು. ಸೀನಿಯರ್ ಕಾಲೇಜುಗಳ ಪ್ರವೇಶದ ನಿಯಮವೂ ಒಂದಿಷ್ಟು ಬಿಗಿಯಾಯ್ತು. ಒಟ್ಟಿನಲ್ಲಿ ಊಟಕ್ಕೆ ಕರೆದು, ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕದೇ ಇದ್ದ ಹಾಗಾಯ್ತು. ತೆರೆದ ಬಾಗಿಲಿನ ಪ್ರಯೋಗ ಸೋತಿತು ಅಂತ ಹೇಳೋರು ಈ ಆರು ವರ್ಷದ ಲೆಕ್ಕವನ್ನು ಯಾಕೋ ಬಿಟ್ಟೇಬಿಡ್ತಾರೆ.

ಮುಂದಿನ ಇಪ್ಪತ್ತು ವರ್ಷ ಕುಂಟುತ್ತಾ ಸಾಗಿತು. 1995ರಲ್ಲಿ ಸೀನಿಯರ್ ಕಾಲೇಜಿನ ಫೀಸು ಒಮ್ಮೆಗೇ 750 ಡಾಲರ್ ಏರಿ ವರ್ಷಕ್ಕೆ 3,200 ಆಯ್ತು. ಹೊಸದಾಗಿ ಸೇರುವವರಲ್ಲಿ ಬಹಳಷ್ಟು ಮಂದಿ ಓದು, ಬರಹ, ಗಣಿತದ ಮೂರು ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಫೇಲಾಗಿ ರೆಮೆಡಿಯಲ್ ಕ್ಲಾಸಿಗೆ ಹೋಗಬೇಕಿತ್ತು. ಮೇಯರ್ ರೂಡಿ ಜೂಲಿಯಾನಿ ಇದನ್ನೇ ಹಿಡಿದುಕೊಂಡರು. 1998ರ ಮೇ ತಿಂಗಳಲ್ಲಿ ಆಡಳಿತ ಮಂಡಳಿ ಸೀನಿಯರ್ ಕಾಲೇಜುಗಳಲ್ಲಿ ರೆಮೆಡಿಯಲ್ ಪಾಠವನ್ನು ಹಂತಹಂತವಾಗಿ ನಿಲ್ಲಿಸೋ ನಿರ್ಣಯ ಮಾಡಿತು. ಅದು ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡಾಗ 1999ರ ಜನವರಿಯಲ್ಲಿ ಮತ್ತೊಮ್ಮೆ ಮತ ಹಾಕಿ ಪಾಸು ಮಾಡಿದರು. ಮೂರೂ ಪರೀಕ್ಷೆ ಪಾಸಾಗದವರಿಗೆ ಇನ್ನು ನಾಲ್ಕು ವರ್ಷದ ಪದವಿಗೆ ನೇರ ಪ್ರವೇಶ ಇಲ್ಲ, ಮೊದಲು ಕಮ್ಯುನಿಟಿ ಕಾಲೇಜಿಗೆ ಹೋಗಿ. ಸೀಕ್ ವಿದ್ಯಾರ್ಥಿಗಳಿಗೆ, ಇಂಗ್ಲಿಷ್ ಹೊಸದಾಗಿ ಕಲಿಯುವವರಿಗೆ ಮಾತ್ರ ವಿನಾಯಿತಿ.

ಇದನ್ನು ಮುಂದೆ ನಿಂತು ಮಾಡಿಸಿದವರು ಯಾರು ಅಂತೀರಿ? ಹರ್ಮನ್ ಬಡಿಯೊ. ಪೋರ್ಟೊರಿಕೊದಲ್ಲಿ ಹುಟ್ಟಿ, ತಬ್ಬಲಿಯಾಗಿ ಹನ್ನೊಂದನೇ ವಯಸ್ಸಿಗೆ ನ್ಯೂಯಾರ್ಕಿಗೆ ಬಂದು, 1951ರಲ್ಲಿ ಇದೇ ಸಿಟಿ ಕಾಲೇಜಿನಿಂದ ಪದವಿ ಪಡೆದು, ಅಮೆರಿಕ ಸಂಸತ್ತಿನವರೆಗೆ ಹೋದವರು. ಬಡ ಮಕ್ಕಳಿಗೆ ಕಡಿಮೆ ನಿರೀಕ್ಷೆ ಇಟ್ಟುಕೊಳ್ಳೋದೇ ಅವರಿಗೆ ಮಾಡೋ ದ್ರೋಹ ಅನ್ನೋದು ಅವರ ವಾದ. ಇದನ್ನು ಹಗುರವಾಗಿ ತಳ್ಳಿಹಾಕೋಕೆ ಆಗಲ್ಲ. ಎಲ್ಲರಿಗೂ ಸೀಟು ಕೊಟ್ಟು, ಕೊನೆಗೆ ಕೈಗೆ ಕೊಟ್ಟ ಪದವಿಗೆ ಊರಲ್ಲಿ ಬೆಲೆಯೇ ಇಲ್ಲದಿದ್ದರೆ ಮೋಸ ಹೋದವನು ಆ ಬಡ ಹುಡುಗನೇ ತಾನೇ? ಆದರೆ ಇನ್ನೊಂದು ಕಡೆಯ ಪ್ರಶ್ನೆಯೂ ಅಷ್ಟೇ ಗಟ್ಟಿ. ಹನ್ನೆರಡು ವರ್ಷ ಕಲಿಸಬೇಕಾದ್ದು ಸ್ಕೂಲು. ಅಲ್ಲಿ ಕಲಿಸದೆ ಬಿಟ್ಟದ್ದಕ್ಕೆ ಹದಿನೆಂಟರ ಹುಡುಗನಿಗೆ ಬಾಗಿಲು ಹಾಕಿದರೆ, ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗಲ್ವಾ?

ಏನಾಯ್ತು ಆಮೇಲೆ? ಕಾಲೇಜುಗಳು ಖಾಲಿ ಆಗುತ್ತವೆ ಅಂತ ಹೆದರಿಸಿದ್ದವರ ಮಾತು ಸುಳ್ಳಾಯ್ತು. 1999ರಲ್ಲಿ ಚಾನ್ಸೆಲರ್ ಆಗಿ ಬಂದ ಮ್ಯಾಥ್ಯೂ ಗೋಲ್ಡ್‌ಸ್ಟೀನ್ (ಇವರೂ ಸಿಟಿ ಕಾಲೇಜಿನವರೇ) ಕಾಲದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಏರಿತು, ಪದವಿ ಮುಗಿಸುವವರ ಪ್ರಮಾಣವೂ ಏರಿತು. 2001ರಲ್ಲಿ ಫೀಸಿಲ್ಲದ ಆನರ್ಸ್ ಕಾಲೇಜು ಶುರುವಾಯ್ತು. ಸಿಟಿ, ಹಂಟರ್, ಬರೂಕ್, ಬ್ರೂಕ್ಲಿನ್, ಕ್ವೀನ್ಸ್, ಈ ಐದು ಕಾಲೇಜುಗಳಿಗೆ ಸೇರುವವರ ಎಸ್ಎಟಿ ಅಂಕ ವರ್ಷ ವರ್ಷ ಮೇಲೇರಿತು. ಹೆಸರು ವಾಪಸ್ ಬಂತು. ಜೊತೆಗೇ ಆ ಐದು ಕಾಲೇಜುಗಳ ಮೊದಲ ವರ್ಷದಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಕುಸಿಯಿತು. ಎರಡೂ ನಿಜ. ಒಂದನ್ನೇ ಹೇಳೋರು ಅರ್ಧ ಕಥೆ ಹೇಳ್ತಿದ್ದಾರೆ ಅಷ್ಟೇ.

ಸರಿ, ಹಾಗಾದರೆ 1970ರಲ್ಲಿ ಒಳಗೆ ಬಂದವರ ಗತಿ ಏನಾಯ್ತು? ಪಾಲ್ ಆಟ್‌ವೆಲ್ ಮತ್ತು ಡೇವಿಡ್ ಲ್ಯಾವಿನ್ ಅನ್ನೋ ಇಬ್ಬರು ಸಮಾಜಶಾಸ್ತ್ರಜ್ಞರು 1970ರಿಂದ 1972ರವರೆಗೆ ಸೇರಿದ್ದ ಹೆಣ್ಣುಮಕ್ಕಳನ್ನು ಮೂವತ್ತು ವರ್ಷ ಆದಮೇಲೆ ಹುಡುಕಿಕೊಂಡು ಹೋಗಿ ಮಾತಾಡಿಸಿದರು. ನಾಲ್ಕೈದು ವರ್ಷದ ಅಂಕಿಅಂಶದಲ್ಲಿ 'ಡ್ರಾಪ್‌ಔಟ್' ಅಂತ ದಾಖಲಾಗಿದ್ದ ಎಷ್ಟೋ ಜನ ಮದುವೆ, ಮಕ್ಕಳು, ನೌಕರಿ ಎಲ್ಲದರ ನಡುವೆ ಮತ್ತೆ ಬಂದು ಓದಿದ್ದರು. ಕೆಲವರಿಗೆ ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿದಿತ್ತು. ಕೊನೆಗೆ ಅವರಲ್ಲಿ ಶೇಕಡ 70ಕ್ಕಿಂತ ಹೆಚ್ಚು ಮಂದಿ ಯಾವುದಾದರೊಂದು ಪದವಿ ಪಡೆದೇ ಇದ್ದರು. ಅವರ ಮಕ್ಕಳ ಓದು ಕೂಡ ಕಾಲೇಜು ಮೆಟ್ಟಿಲು ಹತ್ತದ ಅಂಥದೇ ಹಿನ್ನೆಲೆಯ ತಾಯಂದಿರ ಮಕ್ಕಳಿಗಿಂತ ಚೆನ್ನಾಗಿತ್ತು. 2007ರಲ್ಲಿ 'ಪಾಸಿಂಗ್ ದ ಟಾರ್ಚ್' ಅಂತ ಪುಸ್ತಕವಾಗಿ ಬಂತು ಇದು.

ಇನ್ನೊಂದು ಪ್ರಯೋಗ ನನ್ನಂಥ ಇಂಜಿನಿಯರಿಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತೆ. 1999ರ ನಿರ್ಣಯದ ನಂತರ ಕೆಳಗೆ ಉಳಿದವರೆಲ್ಲ ಸೇರಿದ ಕಮ್ಯುನಿಟಿ ಕಾಲೇಜುಗಳಲ್ಲಿ ಓದು ಮುಗಿಸುವವರೇ ಕಮ್ಮಿ. 2007ರಲ್ಲಿ ಕ್ಯೂನಿ ಅಲ್ಲಿ 'ಎಎಸ್ಎಪಿ' ಅನ್ನೋ ಕಾರ್ಯಕ್ರಮ ತಂದಿತು. ಅದರಲ್ಲಿ ಮಾಯಮಂತ್ರ ಏನಿಲ್ಲ. ಪೂರ್ಣಾವಧಿ ಓದಬೇಕು, ಪದೇಪದೇ ಸಿಗೋ ಸಲಹೆಗಾರರು ಇರ್ತಾರೆ, ಸಹಾಯಧನದಲ್ಲಿ ಕಡಿಮೆ ಬಿದ್ದ ಫೀಸು ಕಟ್ಟಿಕೊಡ್ತಾರೆ, ಪುಸ್ತಕ ಕೊಡ್ತಾರೆ, ಬಸ್ಸು-ಮೆಟ್ರೋ ಪಾಸು ಕೊಡ್ತಾರೆ. ಎಂಡಿಆರ್‌ಸಿ ಅನ್ನೋ ಸಂಶೋಧನಾ ಸಂಸ್ಥೆ ಇದನ್ನು ಲಾಟರಿ ಎತ್ತಿ ಪರೀಕ್ಷಿಸಿತು. ಕಡಿಮೆ ಆದಾಯದ, ರೆಮೆಡಿಯಲ್ ಪಾಠ ಬೇಕಿದ್ದ 896 ವಿದ್ಯಾರ್ಥಿಗಳು; ಅರ್ಧದಷ್ಟು ಮಂದಿಗೆ ಕಾರ್ಯಕ್ರಮ, ಉಳಿದವರಿಗೆ ಎಂದಿನ ಕಾಲೇಜು. ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಎಂದಿನ ಗುಂಪಿನಲ್ಲಿ ಶೇ. 22, ಕಾರ್ಯಕ್ರಮದ ಗುಂಪಿನಲ್ಲಿ ಶೇ. 40. ತಲೆಗೆ ಖರ್ಚು ಹೆಚ್ಚಾಯ್ತು, ಆದರೆ ಒಂದೊಂದು ಪದವಿಗೆ ಬಿದ್ದ ಖರ್ಚು ಲೆಕ್ಕ ಹಾಕಿದರೆ ಕಮ್ಮಿಯೇ ಆಯ್ತು.

ಅದೇ ವಿದ್ಯಾರ್ಥಿಗಳು, ಅದೇ ಅಂಕ, ಅದೇ ಕಾಲೇಜು. ಇನ್‌ಪುಟ್ ಬದಲಾಗಲಿಲ್ಲ, ಪ್ರೊಸೆಸ್ ಬದಲಾಯ್ತು.

2016ರಲ್ಲಿ ಬಂದ ಮತ್ತೊಂದು ಅಧ್ಯಯನದಲ್ಲಿ, ರೆಮೆಡಿಯಲ್ ಬೀಜಗಣಿತಕ್ಕೆ ಹೋಗಬೇಕಿದ್ದವರಲ್ಲಿ ಕೆಲವರನ್ನು ಲಾಟರಿಯಿಂದ ಆರಿಸಿ ನೇರವಾಗಿ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರಕ್ಕೆ ಹಾಕಿ, ಜೊತೆಗೆ ವಾರವಾರ ಹೆಚ್ಚಿನ ಅಭ್ಯಾಸ ತರಗತಿ ಕೊಟ್ಟರು. 'ಕಷ್ಟದ' ವಿಷಯ ತೆಗೆದುಕೊಂಡವರೇ ಹೆಚ್ಚು ಪಾಸಾದರು! ಮುಂದೆ ಕ್ಯೂನಿ ಹಳೇ ಬಗೆಯ ರೆಮೆಡಿಯಲ್ ಕೋರ್ಸುಗಳನ್ನೇ ಕೈಬಿಟ್ಟಿತು. 1998ರಲ್ಲಿ ಯಾವ ಕ್ಲಾಸುಗಳಿಗೋಸ್ಕರ ಬೀದಿಯಲ್ಲಿ ಜಗಳ ಆಗಿತ್ತೋ, ಆ ಕ್ಲಾಸುಗಳೇ ಕೆಲಸಕ್ಕೆ ಬಾರದವು ಅಂತ 2020ರ ದಶಕದ ಹೊತ್ತಿಗೆ ತೀರ್ಮಾನವಾಯ್ತು.

ಇದನ್ನೆಲ್ಲ ಓದ್ತಾ ನನಗೆ ನಮ್ಮ ಕ್ಯಾಂಪಸ್ ಇಂಟರ್‌ವ್ಯೂಗಳ 'ಹತ್ತನೇ ಕ್ಲಾಸಿನಿಂದ ಡಿಗ್ರಿವರೆಗೆ ಎಲ್ಲದರಲ್ಲೂ 60%' ನಿಯಮ ನೆನಪಾಗ್ತಿತ್ತು. ಹತ್ತನೇ ಕ್ಲಾಸಿನಲ್ಲಿ 58 ತೆಗೆದವನು ಕೋಡ್ ಬರೆಯಲಾರ ಅಂತ ಅದರ ಅರ್ಥವಲ್ಲ. ಅರ್ಜಿ ಹಾಕಿದವರು ಸಾವಿರ, ಸಂದರ್ಶನ ಮಾಡೋರು ನಾಲ್ಕು ಜನ, ಅಷ್ಟೇ. ಕಂಪನಿಗೆ ಅದು ನಡೆಯುತ್ತೆ, ಹೊರಗುಳಿದವನು ಏನಾದ ಅಂತ ಅದು ಕೇಳಬೇಕಾಗಿಲ್ಲ. ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಆ ಸೌಲಭ್ಯ ಇಲ್ಲ. ಹೊರಗುಳಿದವನೂ ಅದೇ ಊರಿನವನು, ಅವನಪ್ಪನೂ ತೆರಿಗೆ ಕಟ್ಟಿದವನು.

ಹೊಸಿಲು ಇರಲೇಬಾರದು ಅಂತ ನಾನು ಹೇಳ್ತಿಲ್ಲ. ತಯಾರಿ ಇಲ್ಲದವರನ್ನು ಒಳಗೆ ಕರೆದು ಕೈಬಿಡೋದು ಎಷ್ಟು ಕ್ರೂರ ಅಂತ 1976 ತೋರಿಸಿದೆ. ಆದರೆ ಕಟ್-ಆಫ್ ಏರಿಸಿದ್ದೇವೆ, ಗುಣಮಟ್ಟ ಏರಿತು ಅಂತ ಯಾವುದಾದರೂ ವಿಶ್ವವಿದ್ಯಾಲಯ ಬೀಗಿದಾಗ ಎರಡು ಪ್ರಶ್ನೆ ಕೇಳಿ ನೋಡಿ. ಒಳಗೆ ಬಂದವರಿಗೆ ಕಲಿಸೋ ರೀತಿಯಲ್ಲಿ ಏನು ಬದಲಾಯ್ತು? ಗೆರೆಯ ಕೆಳಗೆ ಉಳಿದವರು ಈಗ ಎಲ್ಲಿ ಓದುತ್ತಿದ್ದಾರೆ, ಅಲ್ಲಿಗೆ ಎಷ್ಟು ದುಡ್ಡು ಕೊಟ್ಟಿದ್ದೀರಿ? ಈ ಎರಡಕ್ಕೂ ಉತ್ತರ ಇಲ್ಲದಿದ್ದರೆ ಏರಿದ್ದು ಕಟ್-ಆಫ್ ಮಾತ್ರ.

ನಿಮಗೇನನ್ನಿಸುತ್ತೆ? ಪಾಠ ಹೇಳೋ ಕೆಲಸದಲ್ಲಿ ಇರೋರು ಖಂಡಿತ ಬರೀರಿ, ಒಪ್ಪದೇ ಇದ್ದರೂ ಸರಿ.